ಕಡಬಕ್ಕೆ ಇನ್ನೂ ಬಾರದ ಶ್ರಾವಣ

ಬಾಡಿಗೆ ಮನೆಯ ಬೀಗದ ಕೈ ಮನೆಯೊಡತಿಯ ಸೊಂಟದಲ್ಲೇ ನೇತಾಡುತ್ತಿತ್ತು. ಆದರೂ ಬಾಗಿಲು ತೆಗೆಯಲೊಲ್ಲರು. ಮೈಸೂರಿನಿಂದ ಹೊರಟು ಮಡಿಕೇರಿಯ ಘಟ್ಟ ಇಳಿದು, ಸುಳ್ಯ, ಜಾಲ್ಸೂರು ದಾಟಿ, ಪುತ್ತೂರಿನಲ್ಲಿ ಬಸ್ಸು ಬದಲಿಸಿ ಕಡಬಕ್ಕೆ ಬಂದಿಳಿದಿದ್ದ ನಾವಿಬ್ಬರು, ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ನನ್ನ ಹೊಲಿಗೆ ಯಂತ್ರದ ಸಮೇತ ಆ ಅಂಗಳದಲ್ಲಿ ನಿಂತೇ ಇದ್ದೆವು.

"ಎಂತ ಮಾರಾಯ್ರೆ, ಆಟಿಯಲ್ಲಿ ಯಾರಾದ್ರೂ ಹೊಸ ಮನೆಗೆ ಒಕ್ಕಲು ಬರುದುಂಟಾ?" ಎಂದರು ಮನೆಯೊಡತಿ. ಅವರ ಹೆಸರು ಕುಸುಮಕ್ಕ ಎಂದು ಆಮೇಲೆ ತಿಳಿಯಿತು. ವಯಸ್ಸು ಐವತ್ತರ ಹತ್ತಿರ. ಉಬ್ಬಸದವರಂತೆ ಮೇಲುಸಿರಿನಲ್ಲಿ ಮಾತು, ಕಣ್ಣಿನಲ್ಲಿ ಮಾತ್ರ ತುಂಟತನ.

ನಾನು ಅಮ್ಮ ಕಲಿಸಿಕೊಟ್ಟಿದ್ದನ್ನು ಒಪ್ಪಿಸಿದೆ. "ಆಷಾಢ ಕಳೆದು ಶ್ರಾವಣ ಬಂದಿದೆಯಲ್ಲ? ಅಮ್ಮ ಪಂಚಾಂಗ ನೋಡಿ ಇವತ್ತಿನ ದಿನವನ್ನೇ ಇಟ್ಟುಕೊಟ್ಟಿದ್ದಾರೆ."

"ಶ್ರಾವಣ ನಿಮ್ಮ ಮೈಸೂರಿಗೆ ಬಂದಿರ್ಬಹುದು ಅಮ್ಮ. ಕಡಬಕ್ಕೆ ಬರ್ಲಿಕ್ಕೆ ಇನ್ನು ಒಂಬತ್ತು ದಿನ ಉಂಟು."

"ಶ್ರಾವಣಕ್ಕೆ ಪುತ್ತೂರಿನಲ್ಲಿ ಬಸ್ಸು ತಪ್ಪಿರಬೇಕು," ಎಂದರು ನಮ್ಮ ಯಜಮಾನರು. ಕುಸುಮಕ್ಕ ನಕ್ಕುಬಿಟ್ಟರು. ನಗುತ್ತಲೇ ಬೀಗ ತೆಗೆದರು. ಆದರೆ ಒಂದು ಮಾತು ಹೇಳಿದರು: "ಸಾಮಾನು ಒಳಗೆ ಇಡಿ, ಮಲಗಿ, ಉಣ್ಣಿ. ಹಾಲು ಉಕ್ಕಿಸುದು ಮಾತ್ರ ಸೋಣ ತಿಂಗಳು ಬಂದ ಮೇಲೆ ಮಾಡಿ, ಆಯ್ತಾ?"

ನಾನು ಅಂದು ಸಂಜೆಯೇ ಹಾಲು ಉಕ್ಕಿಸಿದೆ. ಅಮ್ಮ ಕೊಟ್ಟ ದಿನ ತಪ್ಪಬಾರದಲ್ಲ!

ಮೈಸೂರಿನಲ್ಲಿ ಕುಳಿತು ಇದನ್ನು ಓದುವವರಿಗೆ ಆಟಿ ಏನೆಂದು ಹೇಳಬೇಕು. ಅದು ತುಳುವರ ಒಂದು ತಿಂಗಳು. ನಮ್ಮ ಆಷಾಢದ ಹಾಗೆಯೇ ಮದುವೆ, ಮನೆ ಒಕ್ಕಲು ಯಾವುದೂ ಆಗದ ತಿಂಗಳು. ಹೊಸ ಮದುವಣಗಿತ್ತಿ ತವರಿಗೆ ಹೋಗುವ ತಿಂಗಳು. ಆದರೆ ನಾವು ತಿಂಗಳನ್ನು ಚಂದ್ರನಿಂದ ಎಣಿಸಿದರೆ ತುಳುವರು ಸೂರ್ಯನಿಂದ ಎಣಿಸುತ್ತಾರೆ. ಹಾಗಾಗಿ ನಮ್ಮಲ್ಲಿ ಶ್ರಾವಣದ ಹೂವು ಹಣ್ಣು ಮಾರುಕಟ್ಟೆಗೆ ಬಂದಾಗಲೂ ಇಲ್ಲಿ ಆಟಿ ಕಾಲು ಚಾಚಿ ಕೂತಿರುತ್ತದೆ. ಅದು ಕಳೆದು ಸೋಣ ಬಂದ ಮೇಲೆಯೇ ಎಲ್ಲದಕ್ಕೂ ಬಾಗಿಲು ತೆರೆಯುವುದು. ಒಂದೇ ಆಕಾಶದ ಕೆಳಗೆ ಎರಡು ಲೆಕ್ಕ. ಈ ಸಣ್ಣ ವ್ಯತ್ಯಾಸ ನನ್ನ ಸಂಸಾರದ ದಾರಿಯನ್ನೇ ತಿರುಗಿಸೀತೆಂದು ಅಂದು ಅನ್ನಿಸಿರಲಿಲ್ಲ.

ರಾಜ್ಯ ಒಂದಾಗಿ ಐದಾರು ವರ್ಷವಾಗಿತ್ತು. ಮೈಸೂರು ಕಡೆಯ ಡಾಕ್ಟರುಗಳನ್ನು ಕರಾವಳಿಗೆ ಹಾಕುವುದು ಆಗ ಹೊಸದು. ಡಾಕ್ಟರಾಗಿದ್ದ ನಮ್ಮ ಯಜಮಾನರನ್ನು ಕಡಬದ ಸರ್ಕಾರಿ ಡಿಸ್ಪೆನ್ಸರಿಗೆ ಹಾಕಿದರು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಪದ್ಯ, ಕಸೂತಿ, ಓರೆಯಾಗಿ ಬರೆಯುವ ಅಕ್ಷರ ಕಲಿತಿದ್ದ ನನಗೆ ಇಲ್ಲಿ ಮೊದಲ ತಿಂಗಳು ಅನ್ನ ಬೇಯಿಸುವುದೂ ಬರಲಿಲ್ಲ. ಕೆಂಪು ಕುಚ್ಚಲಕ್ಕಿ ಅದು. ನಮ್ಮ ಸಣ್ಣಕ್ಕಿ ಎರಡು ಬಾರಿ ಬೆಂದು ಇಳಿಯುವಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಇರುತ್ತಿತ್ತು. ನಾನು ಬಸಿದು ಚೆಲ್ಲಿದ ಗಂಜಿ ನೀರನ್ನು ನೋಡಿ ಕುಸುಮಕ್ಕ ಎದೆ ಮುಟ್ಟಿಕೊಂಡರು. "ಅಯ್ಯೋ, ಊಟವನ್ನೇ ಚೆಲ್ಲಿದ್ರಲ್ಲ! ಇನ್ನು ಎಂತ ತಿನ್ನುದು?"

ಭಾಷೆಯದ್ದೂ ಹಾಗೆಯೇ. ಕನ್ನಡದ ಊರಿಗೆ ಬಂದೆನೆಂದುಕೊಂಡಿದ್ದೆ. ಮನೆಯೊಡತಿ ಮನೆಯವರ ಜತೆ ತುಳು, ಎದುರಿನ ದಿನಸಿ ಅಂಗಡಿಯಲ್ಲಿ ಬ್ಯಾರಿ ಭಾಷೆ, ಸುಳ್ಯ ಕಡೆಯಿಂದ ಬರುವ ರೋಗಿಗಳು ಅರೆಭಾಷೆ, ಜಾಲ್ಸೂರಿನ ಆಚೆಯವರು ಮಲಯಾಳ. ಕನ್ನಡ ನನಗೋಸ್ಕರ ಪೆಟ್ಟಿಗೆಯಿಂದ ತೆಗೆದ ಇಸ್ತ್ರಿ ಸೀರೆಯ ಹಾಗೆ ಬರುತ್ತಿತ್ತು. ಮೂರು ತಿಂಗಳ ಮೇಲೆ ಬಾಗಿಲಿಗೆ ಬಂದ ಹೆಂಗಸೊಬ್ಬಳಿಗೆ ನಾನು "ಬಲೆ, ಕುಲ್ಲುಲೆ" ಎಂದೆ; ಬನ್ನಿ, ಕೂತುಕೊಳ್ಳಿ ಎಂದರ್ಥ. ಅವಳು ಕೂತಳು. ಆ ದಿನ ಅಮ್ಮನಿಗೆ ಎರಡು ಪುಟದ ಕಾಗದ ಬರೆದೆ.

ಚಳಿಗಾಲ ಕಳೆಯುವ ಹೊತ್ತಿಗೆ, ಐದನೇ ತಿಂಗಳಲ್ಲಿ, ನನ್ನ ಮೊದಲ ಬಸಿರು ಹೋಯಿತು. ಕುಸುಮಕ್ಕ ಹದಿನೈದು ದಿನ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಬಿಸಿ ನೀರು ಕಾಯಿಸಿದರು, ತಲೆ ಬಾಚಿದರು, 'ನೀವು' ಬಿಟ್ಟು 'ನೀನು' ಎಂದರು. ಆಟಿಯಲ್ಲಿ ಹಾಲು ಉಕ್ಕಿಸಿದ್ದನ್ನು ಒಂದೇ ಒಂದು ಸಲವೂ ಎತ್ತಲಿಲ್ಲ. ಎತ್ತಿದ್ದು ನನ್ನ ಮನಸ್ಸು. ಅದು ನಡುಮನೆಯಲ್ಲಿ ಉಕ್ಕಿದ ಹಾಲಿನ ಕಲೆಯನ್ನು ಹುಡುಕುತ್ತಾ ಕೂರುತ್ತಿತ್ತು.

ನಮ್ಮ ಯಜಮಾನರಿಗೆ ಕನಸೊಂದೇ, ಸರ್ಜನ್ ಆಗುವುದು. ನನ್ನ ಹೊಲಿಗೆ ಯಂತ್ರದ ಕಪ್ಪು ದಾರವನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡು ಒಂದೇ ಕೈಯಲ್ಲಿ ಗಂಟು ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದರು. ಕಾಫಿ ಕುಡಿಯುತ್ತಾ ಎಡಗೈಯಲ್ಲಿ, ಪತ್ರಿಕೆ ಓದುತ್ತಾ ಬಲಗೈಯಲ್ಲಿ. ಆ ಸರಳಿನ ಮೇಲೆ ಒಂದರ ಮೇಲೊಂದು ನೂರಾರು ಗಂಟು, ಸಾಲು ಇರುವೆಗಳ ಹಾಗೆ. ಮನೆ ಗುಡಿಸುವಾಗ ನಾನು ಅದನ್ನು ಮುಟ್ಟುತ್ತಿರಲಿಲ್ಲ.

ಎರಡನೇ ವರ್ಷ ಬೆಂಗಳೂರಿನಿಂದ ಪ್ರಕಟಣೆ ಬಂತು. ಸರ್ಕಾರಿ ಡಾಕ್ಟರುಗಳು ಮೇಲಿನ ಓದಿಗೆ ಅರ್ಜಿ ಹಾಕಬಹುದು. ಇವರು ಶಸ್ತ್ರಚಿಕಿತ್ಸೆಯ ಪದವಿಗೆ ತುಂಬಿದರು. "ಎರಡನೇ ಆಯ್ಕೆ" ಎಂಬ ಜಾಗವನ್ನು ಖಾಲಿ ಬಿಟ್ಟರು. "ಇರಲಿ, ಏನಾದರೂ ಬರೀರಿ," ಎಂದೆ. "ಬೇಡ. ಬರೆದರೆ ಅದನ್ನೇ ಕೊಡ್ತಾರೆ," ಎಂದರು. ಇವರ ಅಕ್ಷರ ಯಾರಿಗೂ ತಿಳಿಯದೆಂದು ಲಕೋಟೆಯ ಮೇಲಿನ ವಿಳಾಸವನ್ನು ನಾನೇ ಬರೆದೆ, ಸಿಸ್ಟರ್ ಕಲಿಸಿದ ಓರೆ ಅಕ್ಷರದಲ್ಲಿ.

ಆ ಮರುದಿನವೇ ಜಾಲ್ಸೂರು ಕಡೆ ವಾಂತಿಭೇದಿ ಹಬ್ಬಿದೆ, ಅಲ್ಲಿಗೆ ಹದಿನೈದು ದಿನ ಹೋಗಿ ಎಂದು ಇವರಿಗೆ ಆದೇಶ ಬಂತು. ಹೊರಡುವಾಗ ಲಕೋಟೆಯನ್ನು ನನ್ನ ಕೈಯಲ್ಲಿಟ್ಟರು. "ಲಲಿತಾ, ಈ ವಾರವೇ ರಿಜಿಸ್ಟರ್ ಮಾಡಿಸಿಬಿಡು. ಬರೋ ತಿಂಗಳು ಹತ್ತನೇ ತಾರೀಕಿನೊಳಗೆ ಅಲ್ಲಿ ಸೇರಬೇಕು."

ಆಟಿ ಹುಟ್ಟಿ ಮೂರು ದಿನವಾಗಿತ್ತು. ನನಗೆ ಮತ್ತೆ ಮೂರು ತಿಂಗಳು.

ನಾನು ಕುಸುಮಕ್ಕನನ್ನು ಸುತ್ತುಬಳಸಿ ಕೇಳಿದೆ, ಆಟಿಯಲ್ಲಿ ಹೊಸ ಕೆಲಸ ಏನಾದರೂ ಶುರು ಮಾಡಬಹುದಾ ಎಂದು. ಲಕೋಟೆಯ ಸುದ್ದಿ ಹೇಳಲಿಲ್ಲ. ಅವರು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಾ ಕೂತಿದ್ದರು. "ಆಟಿಯಲ್ಲಿ ಹೊಸತು ಎಂತದು? ಇದ್ದದ್ದನ್ನು ಬೇಯಿಸಿ ತಿನ್ನುದು, ಬೆಚ್ಚಗೆ ಮಲಗುದು," ಎಂದು ನಕ್ಕರು. ನಾನು ನಗಲಿಲ್ಲ. ಲಕೋಟೆಯನ್ನು ಟ್ರಂಕಿನಲ್ಲಿ ನನ್ನ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟೆ.

ಎರಡು ದಿನಕ್ಕೆ ಅಮಾವಾಸ್ಯೆ. ನಮ್ಮಲ್ಲಿ ಅದು ಭೀಮನ ಅಮಾವಾಸ್ಯೆ, ಗಂಡನ ಆಯುಸ್ಸು, ಏಳಿಗೆಗಾಗಿ ಹೆಂಡತಿ ಪೂಜೆ ಮಾಡುವ ದಿನ. ಇಲ್ಲಿ ಅದೇ ದಿನ ಸೂರ್ಯ ಹುಟ್ಟುವ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಅಂಥ ಕಹಿಯನ್ನು ನಾನು ಹಿಂದೆಂದೂ ಕುಡಿದಿರಲಿಲ್ಲ. ಬಸುರಿಯೆಂದು ಕುಸುಮಕ್ಕ ನನಗೆ ನಾಲಿಗೆಗೆ ಮುಟ್ಟಿಸುವಷ್ಟೇ ಕೊಟ್ಟು, ಮೇಲೆ ಮೆಂತೆ ಗಂಜಿ ಬಡಿಸಿದರು. ಅದನ್ನು ಉಂಡು ಬಂದು, ಇವರ ಭಾವಚಿತ್ರವನ್ನು ಗೋಡೆಯಿಂದ ಇಳಿಸಿ ಒರೆಸಿ, ದೀಪ ಹಚ್ಚಿ ನಮಸ್ಕಾರ ಮಾಡಿದೆ. ಇವರ ಏಳಿಗೆ ಐದು ಮೊಳ ದೂರದಲ್ಲಿ ಟ್ರಂಕಿನೊಳಗೆ ಮಡಿಸಿ ಕೂತಿತ್ತು.

ಮರುದಿನ ಅಮ್ಮನ ಪಂಚಾಂಗದಲ್ಲಿ ಶ್ರಾವಣ. ನನ್ನ ತವರಿನ ಲೆಕ್ಕ ಹಿಡಿದಿದ್ದರೆ ಯಾವ ಅಳುಕೂ ಇಲ್ಲದೆ ಆ ಲಕೋಟೆಯನ್ನು ಕಳಿಸಬಹುದಿತ್ತು. ಹುಟ್ಟಿದೂರಿನ ಲೆಕ್ಕವನ್ನು ಬಿಟ್ಟು, ಸೇರಿದ ಊರಿನ ಲೆಕ್ಕಕ್ಕೆ ನಾನು ಶರಣಾದೆ. ಮೊದಲ ವರ್ಷ ಅದನ್ನು ಮೀರಿದ್ದೆನಲ್ಲ, ಈ ಸಲ ಅಕ್ಷರಶಃ ಪಾಲಿಸಿದರೆ ಮಗು ಉಳಿದೀತು ಎಂಬ ಆಸೆ. ಅಪ್ಪ ಸರ್ಕಾರಿ ಗುಮಾಸ್ತರು. ಕಡೆಯ ತಾರೀಕೆನ್ನುವುದು ಯಾವಾಗಲೂ ಮುಂದೆ ಹೋಗುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದರು. ಅದನ್ನೂ ನೆನೆದು ಸಮಾಧಾನ ಮಾಡಿಕೊಂಡೆ.

ಸಮಾಧಾನವಾಗಲಿಲ್ಲ. ಎರಡು ಸಲ ಲಕೋಟೆಯನ್ನು ಸೆರಗಿನ ಕೆಳಗಿಟ್ಟುಕೊಂಡು ಪೋಸ್ಟಾಫೀಸಿಗೆ ಹೋದೆ. ಪೋಸ್ಟಾಫೀಸೆಂದರೆ ನಮ್ಮ ಕಿಟಕಿಯ ಎದುರಿಗೇ, ಮೂರು ಮೆಟ್ಟಿಲು ಹತ್ತಿದರೆ ಒಂದು ಜಗಲಿ, ಒಂದು ಮೇಜು. ಶಾಲೆಯಲ್ಲಿ ಪಾಠ ಹೇಳುವ ಪದ್ಮಯ್ಯ ಮಾಸ್ಟ್ರೇ ಪೋಸ್ಟ್ ಮಾಸ್ಟರು. ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು.

"ಎಂತ ಡಾಕ್ಟ್ರಮ್ಮ, ರಿಜಿಸ್ಟರಾ? ಕೊಡಿ," ಎಂದು ಕೈ ಚಾಚಿದರು. ಲಕೋಟೆಯ ಮೂಲೆ ಸೆರಗಿನಿಂದ ಹೊರಗೆ ಬಂದಿತ್ತು.

"ಅಲ್ಲ ಮಾಸ್ಟ್ರೇ. ಒಂದು ಇನ್‌ಲ್ಯಾಂಡ್ ಕೊಡಿ."

ಎರಡನೇ ಸಲವೂ ಇನ್‌ಲ್ಯಾಂಡೇ ಕೊಂಡೆ. ಅವರು ನನ್ನ ಮುಖ ನೋಡಿದರು, ಸೆರಗು ನೋಡಿದರು, ಪೆನ್ಸಿಲು ಸರಿಮಾಡಿಕೊಂಡರು. "ಅಮ್ಮನಿಗೆ ತುಂಬ ಕಾಗದ ಬರೀತೀರಿ ನೀವು," ಎಂದರು, ಅಷ್ಟೇ.

ಹತ್ತನೇ ತಾರೀಕು ಬಂತು, ಹೋಯಿತು. ಅಂದು ನಾನು ಊಟ ಮಾಡಲಿಲ್ಲ. ಸೋಣ ಹುಟ್ಟಿದ ಬೆಳಿಗ್ಗೆ ಮೊದಲ ಗಿರಾಕಿಯಾಗಿ ಮೆಟ್ಟಿಲು ಹತ್ತಿ ಲಕೋಟೆ ಕೊಟ್ಟೆ. ಮಾಸ್ಟ್ರು ವಿಳಾಸ ಓದಿದರು. "ಇದು ತಡ ಆಗ್ಲಿಕ್ಕಿಲ್ಲ ಅಲ್ವಾ?" ಎಂದು ಮೆಲ್ಲಗೆ ಕೇಳಿದರು. "ಇಲ್ಲ," ಎಂದೆ. ರಶೀದಿಯನ್ನು ಮನೆಗೆ ಬಂದು ಒಲೆಗೆ ಹಾಕಿದೆ.

ಹದಿನೈದು ದಿನಕ್ಕೆಂದು ಹೋದವರು ತಿಂಗಳ ಮೇಲೆ, ಸೊರಗಿ ಬಂದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಹಾಕಿದೆ ತಾನೆ?"

"ಹಾಕಿದೆ."

ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹೇಳುತ್ತಿದ್ದರು, ನಿಜವಾದ ಮಾತಿನಲ್ಲಿ ಸುಳ್ಳು ಹೇಳುವವರು ಎರಡು ಪಟ್ಟು ತಪ್ಪು ಮಾಡುತ್ತಾರೆ ಎಂದು. ಆಗ ಅದು ಅರ್ಥವಾಗಿರಲಿಲ್ಲ.

ಮುಂದಿನ ತಿಂಗಳು ಬೆಂಗಳೂರಿನ ಉತ್ತರ ಬಂತು, ಇಂಗ್ಲಿಷಿನಲ್ಲಿ ಎರಡು ಸಾಲು. ನಿಮ್ಮ ಅರ್ಜಿ ಗಡುವು ಮೀರಿ ಬಂದದ್ದರಿಂದ ಪರಿಗಣಿಸಿಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಅರಿವಳಿಕೆಯ ಡಿಪ್ಲೊಮಾದಲ್ಲಿ ಕೆಲವು ಜಾಗ ಉಳಿದಿವೆ, ತಡವಾದವರೂ ಹಿರಿಯ ವೈದ್ಯಾಧಿಕಾರಿಯ ಶಿಫಾರಸಿನೊಂದಿಗೆ ಹತ್ತು ದಿನದೊಳಗೆ ಅರ್ಜಿ ಹಾಕಬಹುದು. ಇವರು ಕೆಳಗಿನ ಸಾಲನ್ನು ಓದಲೇ ಇಲ್ಲ. ಕಾಗದ ಹಿಡಿದುಕೊಂಡೇ ರಸ್ತೆ ದಾಟಿದರು.

ನಾನು ಕಿಟಕಿಯ ಸರಳು ಹಿಡಿದು ನಿಂತೆ. ಎಲ್ಲವೂ ಕೇಳಿಸುತ್ತಿತ್ತು.

"ನನ್ನ ಹೆಂಡತಿ ಎರಡು ತಿಂಗಳ ಹಿಂದೆಯೇ ಕೊಟ್ಟ ಲಕೋಟೆ! ಎಲ್ಲಿ ಕೊಳೆ ಹಾಕಿದ್ರಿ ಅದನ್ನ? ನಿಮ್ಮ ಶಾಲೆ ಪುಸ್ತಕದ ಮಧ್ಯ ಇಟ್ಟು ಮರೆತಿರಾ?"

ಜಗಲಿಯಲ್ಲಿ ಐದಾರು ಜನ. ಮಾಸ್ಟ್ರು ಎದ್ದು ನಿಂತರು. "ರಶೀದಿ ಉಂಟಾ ಡಾಕ್ಟ್ರೇ? ಅದ್ರಲ್ಲಿ ತಾರೀಕು ಇರ್ತದೆ."

"ಅವಳು ಎಲ್ಲೋ ಕಳೆದುಕೊಂಡಿದ್ದಾಳೆ. ನಿಮ್ಮ ಪುಸ್ತಕದಲ್ಲಿ ಇರಬೇಕಲ್ಲ, ತೆಗೀರಿ!"

ಮಾಸ್ಟ್ರ ಕೈ ಆ ಪುಸ್ತಕದ ಮೇಲೆಯೇ ಇತ್ತು. ಅವರು ತಲೆ ಎತ್ತಿ ಇವರನ್ನು ನೋಡಲಿಲ್ಲ; ರಸ್ತೆಯಾಚೆ ನನ್ನ ಕಿಟಕಿಯನ್ನು ನೋಡಿದರು. ಪುಸ್ತಕ ತೆರೆಯಲಿಲ್ಲ. "ತಪ್ಪಾಗಿರ್ಬಹುದು ಡಾಕ್ಟ್ರೇ," ಎಂದರು.

ಆ ಮಾತು ಕೇಳಿದ ಮೇಲೂ ಹೋಗಿ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಅಕ್ಕಿ ಆರಿಸುತ್ತಾ ಕೂತೆ. ಇಂದಿಗೂ ಅಕ್ಕಿಯಲ್ಲಿ ಕಲ್ಲು ಸಿಕ್ಕಾಗ ಮಾಸ್ಟ್ರ ತಗ್ಗಿದ ತಲೆ ಕಾಣುತ್ತದೆ.

ಇವರು ಅಂಚೆ ಇಲಾಖೆಯ ಮೇಲಧಿಕಾರಿಗೆ ದೂರು ಬರೆದು ಲಕೋಟೆಗೆ ಹಾಕಿದರು. ಕಡಬದಲ್ಲಿ ಹಾಕುವಂತಿರಲಿಲ್ಲ. "ನೀನು ಲೇಡಿ ಡಾಕ್ಟರ ಹತ್ತಿರ ತೋರಿಸೋಕೆ ಪುತ್ತೂರಿಗೆ ಹೋಗ್ತೀಯಲ್ಲ, ಅಲ್ಲಿ ಹಾಕು," ಎಂದರು. ಆಗ ನಾನು ಆ ಕೆಳಗಿನ ಸಾಲನ್ನು ತೋರಿಸಿದೆ. ಅರಿವಳಿಕೆಗಾದರೂ ಅರ್ಜಿ ಹಾಕಿ ಎಂದೆ.

"ಮೂಗಿಗೆ ಬಟ್ಟೆ ಹಿಡಿಯೋದಕ್ಕಾ ನಾನು ಓದಿದ್ದು? ಅದನ್ನ ಕಾಂಪೌಂಡರೂ ಮಾಡ್ತಾನೆ."

ಅಂದಿನ ಕಾಲಕ್ಕೆ ಅದು ಸುಳ್ಳೂ ಅಲ್ಲ. ಈಥರ್ ತೊಟ್ಟಿಕ್ಕಿಸುವ ಕೆಲಸಕ್ಕೆ ಓದಿದವರು ಬೇಕೆಂದು ಯಾರೂ ಎಣಿಸುತ್ತಿರಲಿಲ್ಲ. ನಾನು ಅತ್ತೆ. ನನ್ನ ಅಳುವಿಗೆ ಬೇರೆ ಕಾರಣವಿತ್ತು. ಇವರು ಬಸುರಿಯ ಹಟವೆಂದುಕೊಂಡು ಅರ್ಜಿ ತುಂಬಿ ಸಹಿ ಹಾಕಿದರು, ಅದೂ ಅರ್ಜಿಯ ಕಡೆ ನೋಡದೆ.

ಪುತ್ತೂರಿಗೆ ನನ್ನ ಜತೆ ಕುಸುಮಕ್ಕ ಬಂದರು. ನನಗೆ ಐದನೇ ತಿಂಗಳು, ಕಳೆದ ಸಲ ಕಳೆದುಕೊಂಡ ಅದೇ ತಿಂಗಳು. ಬಸ್ಸಿನ ಏಜೆಂಟ್ ಮೂಸಬ್ಬ ಒಳಗೆ ತಲೆ ಹಾಕಿ, "ಡಾಕ್ಟ್ರ ಹೆಂಡ್ತಿ ಬಂದಿದ್ದಾರೆ, ಎದುರಿನ ಸೀಟು ಬಿಡಿ. ಡ್ರೈವರೇ, ಹೊಂಡಕ್ಕೆ ಹಾರಿಸ್ಬೇಡಿ, ಹಾರಿಸಿದ್ರೆ ನಿಮ್ಮ ಹಲ್ಲಿಗೆ ಡಾಕ್ಟ್ರು ಮದ್ದು ಕೊಡ್ಲಿಕ್ಕಿಲ್ಲ," ಎಂದು ಕೂಗಿದ. ಎಲ್ಲರೂ ನಕ್ಕರು. ಆ ನಗುವಿನಲ್ಲಿ ನಾನು ಈ ಊರಿನವಳಾಗಿಬಿಟ್ಟಿದ್ದೆ. ಅದೇ ಹೊತ್ತಿಗೆ ನನ್ನ ಚೀಲದಲ್ಲಿ ಈ ಊರಿನ ಒಬ್ಬ ಒಳ್ಳೆಯ ಮನುಷ್ಯನ ಕೆಲಸ ಕಳೆಯುವ ಕಾಗದವಿತ್ತು. ತಡೆಯಲಾಗಲಿಲ್ಲ. ಕುಸುಮಕ್ಕನ ಕಿವಿಯಲ್ಲಿ ಎಲ್ಲವನ್ನೂ ಹೇಳಿದೆ. ಹಾಲು ಉಕ್ಕಿಸಿದ್ದು, ಬಸಿರು ಹೋದದ್ದು, ಲಕೋಟೆಯನ್ನು ಸೀರೆಯಲ್ಲಿ ಇಟ್ಟದ್ದು, ಆಟಿ ಕಳೆಯಲೆಂದು ಕಾದದ್ದು.

ಅವರು ನನ್ನನ್ನು ಬಾಯಿ ತೆರೆದು ನೋಡಿದರು.

"ಕಾಗದಕ್ಕೆ ಎಂತ ಆಟಿ ಮಾರಾಯ್ತಿ?"

ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

"ಆಟಿಯಲ್ಲಿ ಪೋಸ್ಟಾಫೀಸು ಮುಚ್ಚುದುಂಟಾ? ನನ್ನ ಅಣ್ಣನ ಕೋರ್ಟು ಕೇಸಿನ ಅರ್ಜಿ ಎಲ್ಲ ಆಟಿಯಲ್ಲೇ ಹಾಕಿದ್ದು. ಗೆದ್ದದ್ದೂ ಉಂಟು! ಮದುವೆಗೆ ಆಟಿ, ಒಕ್ಕಲಿಗೆ ಆಟಿ. ಅದೂ ಆ ತಿಂಗಳಲ್ಲಿ ಯಾರ ಮನೆಯಲ್ಲೂ ಉಣ್ಲಿಕ್ಕೆ ಸರಿಯಾಗಿ ಇರುದಿಲ್ಲ, ನೆಂಟರನ್ನು ಕರೆದು ಬಡಿಸುದು ಹೇಗೆ ಅಂತ ಹಿರಿಯರು ಇಟ್ಟದ್ದು." ಆಮೇಲೆ ದನಿ ಇಳಿಸಿದರು. "ನನ್ನತ್ರ ಬಾಯಿ ಬಿಟ್ಟು ಒಂದು ಮಾತು ಕೇಳ್ಬಾರ್ದಿತ್ತಾ? ನಾನೂ ಎರಡು ಕಳಕೊಂಡವಳು, ಲಲಿತಾ. ಒಂದೂ ಆಟಿಯಲ್ಲಿ ಅಲ್ಲ, ಒಳ್ಳೆ ಸುಗ್ಗಿಯಲ್ಲಿ."

ಈ ಊರಿನವಳಾಗುವ ಆತುರದಲ್ಲಿ ಈ ಊರಿನವರೂ ಪಾಲಿಸದ ನಿಯಮವೊಂದನ್ನು ನಾನು ಕಟ್ಟಿಕೊಂಡಿದ್ದೆ. ಇವರ ಒಂದು ಜನ್ಮದ ಕನಸನ್ನು ಕೊಟ್ಟು ಕೊಂಡ ನಿಯಮ ಅದು. ದಾರಿಯಲ್ಲಿನ ಸವಣೂರು ದಾಟುವವರೆಗೂ ಕುಸುಮಕ್ಕ ನನ್ನ ಕೈ ಬಿಡಲಿಲ್ಲ. ನನಗೆ ಅದೂ ಹೊರೆಯೆನ್ನಿಸಿತು.

ಪುತ್ತೂರಿನ ಹಿರಿಯ ವೈದ್ಯಾಧಿಕಾರಿಗಳು ಕನ್ನಡಕದ ಮೇಲಿನಿಂದ ಅರ್ಜಿ ನೋಡಿದರು. "ಎರಡನೇ ಆಯ್ಕೆ ಮೊದಲೇ ಬರೀಬೇಕಿತ್ತು. ಮೊದಲನೇದ್ದೂ ತಡ, ಇದೂ ತಡ. ಎಂತ, ನಿಮ್ಮ ಡಾಕ್ಟ್ರಿಗೆ ಕ್ಯಾಲೆಂಡರ್ ಇಲ್ವಾ?"

"ತಡ ಮಾಡಿದ್ದು ಅವರಲ್ಲ ಸಾರ್. ನಾನು."

ಇವರಿಗೆ ಹೇಳುವ ಮೊದಲೇ ನಿಜವನ್ನು ಅಪರಿಚಿತರೊಬ್ಬರಿಗೆ ಹೇಳಿಬಿಟ್ಟೆ. ಅವರು ಇನ್ನೇನೂ ಕೇಳದೆ ಶಿಫಾರಸು ಬರೆದರು. ಅರ್ಜಿಯನ್ನು ಅಲ್ಲೇ ಪುತ್ತೂರಿನಲ್ಲಿ ರಿಜಿಸ್ಟರ್ ಮಾಡಿಸಿದೆ. ರಶೀದಿಯನ್ನು ಮೂರು ಸಲ ಓದಿದೆ. ದೂರಿನ ಲಕೋಟೆ ಮಾತ್ರ ಚೀಲದಲ್ಲೇ ಉಳಿಯಿತು.

ಸಂಜೆ ಇವರು ಡಿಸ್ಪೆನ್ಸರಿಯಿಂದ ಬಂದು ಕಾಫಿಗೆ ಕೂತಾಗ ರಶೀದಿಯನ್ನೂ ಆ ಲಕೋಟೆಯನ್ನೂ ಲೋಟದ ಪಕ್ಕ ಇಟ್ಟೆ.

"ಇದನ್ನ ಯಾಕೆ ವಾಪಸು ತಂದೆ?"

"ಮಾಸ್ಟ್ರ ತಪ್ಪಿಲ್ಲ. ನಾನು ತಡವಾಗಿ ಹಾಕಿದ್ದು."

"ಎಷ್ಟು ದಿನ ಇಟ್ಟುಕೊಂಡಿದ್ದೆ?"

"ಇಪ್ಪತ್ತೊಂಬತ್ತು."

ಕಾರಣ ಹೇಳಿದೆ. ಹೇಳುತ್ತಾ ಹೇಳುತ್ತಾ ಅದು ನನಗೇ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಕಡೆಯ ಮಾತುಗಳನ್ನು ನುಂಗಿದೆ. ಇವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನೀನು ಕಾನ್ವೆಂಟಿನಲ್ಲಿ ಓದಿದವಳು," ಎಂದರು. ಲೋಟವನ್ನು ಪಕ್ಕಕ್ಕೆ ಸರಿಸಿ ಕೇಳಿದರು: "ಮಾಸ್ಟ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಎದ್ದು ರಸ್ತೆ ದಾಟಿ ಹೋದರು. ಕಿಟಕಿಯಿಂದ ನೋಡಿದೆ. ಇವರು ಮೆಟ್ಟಿಲಿನ ಕೆಳಗೇ ನಿಂತಿದ್ದರು. ಮಾಸ್ಟ್ರು ಇಳಿದು ಬಂದು ಇವರ ಭುಜದ ಮೇಲೆ ಕೈಯಿಟ್ಟು ಮೇಲೆ ಕರೆದುಕೊಂಡು ಹೋದರು. ಈ ಸಲ ಏನೂ ಕೇಳಿಸಲಿಲ್ಲ. ಮರಳಿ ಬಂದವರು ಒಂದೇ ಮಾತು ಹೇಳಿದರು: "ಅವರು ಏನಂದ್ರು ಗೊತ್ತಾ? ಬಸುರಿ ಹೆಂಗಸು ಎರಡು ಸಲ ಮೆಟ್ಟಿಲು ಹತ್ತಿ ಇಳಿದದ್ದನ್ನು ಗಂಡನಿಗೆ ಹೇಳುದು ಪೋಸ್ಟಾಫೀಸಿನ ಕೆಲಸ ಅಲ್ಲ, ಅಂದ್ರು."

ಆಮೇಲೆ ಕಿಟಕಿಯ ಸರಳಿನಿಂದ ಆ ದಾರವನ್ನು ಬಿಚ್ಚತೊಡಗಿದರು. ಒಂದೊಂದೇ ಗಂಟು, ಉಗುರಿನಿಂದ. ಬಿಚ್ಚಲಾಗದ್ದನ್ನು ಬ್ಲೇಡಿನಿಂದ ಕೊಯ್ದರು. ಉಳಿದ ದಾರವನ್ನು ರೀಲಿಗೆ ಸುತ್ತಿ ನನ್ನ ಹೊಲಿಗೆ ಯಂತ್ರದ ಮೇಲಿಟ್ಟರು.

ಅರಿವಳಿಕೆಯ ಜಾಗ ಸಿಕ್ಕಿತು. ಇವರು ಬೆಂಗಳೂರಿಗೆ, ನಾನು ಹೆರಿಗೆಗೆ ಮೈಸೂರಿಗೆ. ಹೆಣ್ಣುಮಗು ಉಳಿಯಿತು. ತವರಿನಲ್ಲಿ ನಾನು "ಎಂತ?" ಎಂದರೆ ಎಲ್ಲರೂ ನಗುವರು, "ನಮ್ಮ ಮಂಗಳೂರಮ್ಮ" ಎನ್ನುವರು. ಸಣ್ಣಕ್ಕಿಯ ಬಿಳಿ ಅನ್ನ ಉಂಡ ಎರಡು ಗಂಟೆಗೆ ನನಗೆ ಹಸಿವಾಗುತ್ತಿತ್ತು. ಕಡಬದಲ್ಲಿ ಮೈಸೂರಿನವಳು, ಮೈಸೂರಿನಲ್ಲಿ ಕಡಬದವಳು. ಓದು ಮುಗಿದ ಮೇಲೆ ಯಾವ ಊರು ಬೇಕೆಂದು ಕೇಳಿದಾಗ ಇವರು ಪುತ್ತೂರೆಂದು ಬರೆದರು. ಯಾಕೆಂದು ನ‌ನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಪುತ್ತೂರಿಗೆ ಬಂದು ಐದು ವರ್ಷ. ಇವರು ಆಪರೇಷನ್ ಮೇಜಿನ ತಲೆಯ ಕಡೆ ಸ್ಟೂಲಿನ ಮೇಲೆ ಕೂರುತ್ತಾರೆ. ರೋಗಿಯ ನಾಡಿ ಹಿಡಿದು ಉಸಿರು ಎಣಿಸುತ್ತಾರೆ. ಕೆಲಸ ಮುಗಿದಾಗ ಮನೆಮಂದಿ ಹೊರಗೆ ಸರ್ಜನರ ಕೈ ಹಿಡಿದು ಅಳುತ್ತಾರೆ. ಇವರು ಪಕ್ಕದ ಬಾಗಿಲಿನಿಂದ ಕೊಡೆ ಹಿಡಿದು ಮನೆಗೆ ಬರುತ್ತಾರೆ. ಅಂಗಿಗೆ ಈಥರಿನ ವಾಸನೆ. ಒಗೆಯುವಾಗ ಅದನ್ನು ಮೂಗಿಗೆ ಹಿಡಿದು ಎಷ್ಟು ಸಲ ಕ್ಷಮೆ ಕೇಳಿದ್ದೇನೋ. ಕಳೆದ ವರ್ಷ ಕುಸುಮಕ್ಕನಿಗೆ ಗರ್ಭಕೋಶದ ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಅವರು ಸರ್ಜನರ ಹೆಸರು ಕೇಳಲಿಲ್ಲ. "ಉಬ್ಬಸದವಳನ್ನು ಮಲಗಿಸಿ ಏಳಿಸುದು ಸುಲಭವಾ? ನಮ್ಮ ಡಾಕ್ಟ್ರು ಕಿವಿಯತ್ರ ಮಾತಾಡ್ತಾ ಇದ್ರು, ಅದೊಂದು ಗೊತ್ತುಂಟು," ಎಂದರು. ಇವರ ಮುಖದಲ್ಲಿ ಒಂದು ಗಳಿಗೆ ಬೆಳಕು ಕಂಡೆ. ಅದನ್ನು ಕಂಡು ನನ್ನ ತಪ್ಪು ಸಣ್ಣದಾಯಿತೆಂದು ಹೇಳಲಾರೆ. ಹಾಗೆ ಎಣಿಸುವ ಹಕ್ಕು ಇವರದ್ದು, ನನ್ನದಲ್ಲ.

ಒಂದು ಸಂಗತಿ ಮಾತ್ರ ಹೇಳಬೇಕು. ನಾನು ನಿಜ ಹೇಳಿದ ದಿನದಿಂದ ಇವರು ನನ್ನ ಕೈಗೆ ಒಂದು ಪೋಸ್ಟ್ ಕಾರ್ಡನ್ನೂ ಹಾಕಲು ಕೊಟ್ಟಿರಲಿಲ್ಲ. ಕೋಪದಿಂದಲ್ಲ. ಕಾಗದ ಬರೆಯುತ್ತಿದ್ದರು, ಚಪ್ಪಲಿ ಮೆಟ್ಟಿ ತಾವೇ ಹೋಗುತ್ತಿದ್ದರು.

ಕಳೆದ ವಾರ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು ಬೇಕೆಂಬ ಪ್ರಕಟಣೆ ಬಂತು. ಅಮ್ಮನಿಗೆ ವಯಸ್ಸಾಗಿದೆ, ಮಗಳ ಶಾಲೆಯ ಪ್ರಶ್ನೆಯೂ ಇದೆ. ಇವರು ಎರಡು ದಿನ ಯೋಚಿಸಿ ಅರ್ಜಿ ತುಂಬಿದರು. ನಿನ್ನೆ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಲಕೋಟೆಯನ್ನು ಮೇಜಿನ ಮೇಲಿಟ್ಟು, ಕೊಡೆ ತೆಗೆದುಕೊಳ್ಳುತ್ತಾ ಹೇಳಿದರು: "ವಿಳಾಸ ನೀನೇ ಬರಿ. ಹಾಕಿಬಿಡು."

ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆಟಿ. ಪಕ್ಕದಲ್ಲೇ ತೂಗುವ ಅಮ್ಮ ಕಳಿಸಿದ ಪಂಚಾಂಗದಲ್ಲಿ ಶ್ರಾವಣ.

ಒಲೆಯ ಮೇಲಿನ ಅನ್ನ ಇಳಿಸಿ, ಸೀರೆಯನ್ನೂ ಬದಲಿಸದೆ ಹೊರಟೆ. ಕೌಂಟರಿನಲ್ಲಿದ್ದ ಗುಮಾಸ್ತ ಲಕೋಟೆಯನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. "ಅಮ್ಮ, ಕಳಿಸುವವರ ವಿಳಾಸ ಬರೀಲಿಲ್ಲ ನೀವು. ತಿರುಗಿ ಬಂದ್ರೆ ಎಲ್ಲಿಗೆ ಕೊಡುದು?"

ಅಲ್ಲೇ ನಿಂತು ಓರೆ ಅಕ್ಷರದಲ್ಲಿ ಪುತ್ತೂರಿನ ನಮ್ಮ ಬೀದಿಯ ಹೆಸರು ಬರೆದೆ. ಎದುರು ಬದಿಗೆ ಮೈಸೂರು, ಹಿಂಬದಿಗೆ ಪುತ್ತೂರು. ಶಾಯಿ ಆರುವಷ್ಟು ಹೊತ್ತು, ತಿರುಗಿ ಬರಲಿ ಎಂದು ನನ್ನ ಮನಸ್ಸು ಬೇಡಿಕೊಂಡಿತು. ಅದು ನನಗೆ ತಿಳಿಯುವ ಮೊದಲೇ ಬೇಡಿಕೊಂಡಿತು. ನಾಚಿಕೆಯಿಂದ ಲಕೋಟೆಯನ್ನು ಬೇಗ ಒಳಗೆ ತಳ್ಳಿದೆ.

ರಶೀದಿಯನ್ನು ತಂದು ಇವರ ಕನ್ನಡಕದ ಪೆಟ್ಟಿಗೆಯ ಕೆಳಗೆ, ತಾರೀಕು ಕಾಣುವ ಹಾಗೆ ಇಟ್ಟೆ. ಮಧ್ಯಾಹ್ನ ಇವರು ಬಂದು ಅದನ್ನು ಎತ್ತಿ ನೋಡಿದರು. ಕುಚ್ಚಲಕ್ಕಿಯ ಅನ್ನ ಕಲಸುತ್ತಾ, "ಗಂಜಿ ನೀರು ಇಟ್ಟಿದೀಯಾ?" ಎಂದು ಕೇಳಿದರು. ಇಟ್ಟಿದ್ದೆ.